‘ಫೈಂಡಿಂಗ್ ನೀಮೋ’ದಲ್ಲಿ ಲಾಜಿಕ್ ಇಲ್ಲದ ಜಾಗಗಳು ಯಾವುವು? ಮಕ್ಕಳಿಗೆ ಅದನ್ನು ಹೇಳಬೇಕಾ, ಸುಮ್ಮನಿರಬೇಕಾ?

ನಿಮ್ಮ ಮಗನಿಗೆ ಆರು ವರ್ಷ, ವಾರಕ್ಕೆ ಎರಡು ಸಲ ಇದೇ ಸಿನಿಮಾ ಹಾಕಿಸುತ್ತಾನೆ, ನಿಮಗೆ ಈಗ ಬರೀ ತಪ್ಪುಗಳೇ ಕಾಣಿಸುತ್ತಿವೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಅದೇ ಪಾಡು. ಮಗಳಿಗೆ ಏಳು ವರ್ಷ. ಎಷ್ಟು ಸಲ ನೋಡಿದ್ದೇವೋ, ಲೆಕ್ಕ ಇಡುವುದನ್ನು ಬಿಟ್ಟು ಬಹಳ ದಿನ ಆಯಿತು. ನನ್ನದು ಕೋಲಾರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸಿನಿಮಾ ಬಗ್ಗೆ ಬರೆಯುವುದು ನನ್ನ ಕೆಲಸ ಅಲ್ಲ. ಆದರೆ ಈ ಸಿನಿಮಾದಲ್ಲಿ ನೀರು, ಪೈಪು, ಪಂಪು ಮೂರೂ ಇವೆ. ಈ ಮೂರು ಬಂದರೆ ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಕಷ್ಟ.

ನೋಡದವರಿಗೆ ಕಥೆ ಇಷ್ಟೇ. 2003ರಲ್ಲಿ ಪಿಕ್ಸಾರ್‌ನವರು ಮಾಡಿದ್ದು. ಆಸ್ಟ್ರೇಲಿಯಾದ ಹವಳದ ದಿಬ್ಬದಲ್ಲಿ ಮಾರ್ಲಿನ್ ಅನ್ನೋ ಕ್ಲೌನ್ ಮೀನು. ಅವನ ಹೆಂಡತಿಯೂ ಹೋಗುತ್ತಾಳೆ, ನಾನೂರಕ್ಕೂ ಜಾಸ್ತಿ ಮೊಟ್ಟೆಗಳೂ ಹೋಗುತ್ತವೆ, ಎಲ್ಲ ಒಂದು ದೊಡ್ಡ ಮೀನಿನ ಪಾಲು. ಉಳಿದ ಒಂದೇ ಮರಿ ನೀಮೋ. ಅದನ್ನು ಒಬ್ಬ ಹಲ್ಲಿನ ಡಾಕ್ಟರು ಹಿಡಿದು ಸಿಡ್ನಿಗೆ ಒಯ್ದು ಕ್ಲಿನಿಕ್ಕಿನ ಗಾಜಿನ ತೊಟ್ಟಿಗೆ ಬಿಡುತ್ತಾನೆ. ಡೋರಿ ಅನ್ನೋ ಮರೆವಿನ ಮೀನನ್ನು ಜೊತೆಗೆ ಕಟ್ಟಿಕೊಂಡು ಅಪ್ಪ ಹುಡುಕಿಕೊಂಡು ಹೊರಡುತ್ತಾನೆ.

ಮೀನು ಮಾತಾಡುವುದು, ಶಾಲೆಗೆ ಹೋಗುವುದು ಇವನ್ನೆಲ್ಲ ನಾನು ತಪ್ಪು ಅಂತ ಹಿಡಿಯುವುದಿಲ್ಲ. ನಮ್ಮಜ್ಜಿಯ ಕಥೆಯಲ್ಲಿ ನರಿ ಬಂದು ಹುಲಿಗೆ ನ್ಯಾಯ ಹೇಳುತ್ತಿತ್ತು. ಹೇಗೆ ಅಂತ ನಾವ್ಯಾರೂ ಕೇಳಿದ್ದಿಲ್ಲ. ಕಥೆ ತಾನೇ ಒಂದು ಮಾತು ಕೊಟ್ಟು ಆಮೇಲೆ ತಾನೇ ತಪ್ಪಿದರೆ ಅದು ತೂತು. ಆ ಲೆಕ್ಕದಲ್ಲಿ ಎಲ್ಲರೂ ಮೊದಲು ಹಿಡಿಯುವುದು ಡೋರಿಯನ್ನು. ಐದು ನಿಮಿಷದ ಹಿಂದಿನದು ನೆನಪಿಲ್ಲದವಳಿಗೆ ‘ಪಿ. ಶರ್ಮನ್, 42 ವಾಲಬಿ ವೇ, ಸಿಡ್ನಿ’ ಅನ್ನೋ ವಿಳಾಸ ಹೇಗೆ ನೆನಪಿರುತ್ತದೆ? ಇದಕ್ಕೆ ಉತ್ತರ ಸಿನಿಮಾದಲ್ಲೇ ಇದೆ. ನಿನ್ನ ಜೊತೆ ಇದ್ದರೆ ನನಗೆ ನೆನಪು ನಿಲ್ಲುತ್ತದೆ ಅಂತ ಕೊನೆಕೊನೆಗೆ ಅವಳೇ ಮಾರ್ಲಿನ್‌ಗೆ ಹೇಳುತ್ತಾಳೆ. ಹಾಗಾಗಿ ಅದು ತೂತಲ್ಲ. ಅವಳಿಗೆ ಇಂಗ್ಲಿಷ್ ಓದಲು ಬರುವುದು ಹೇಗೆ ಅಂತ ನಾನೇ ಮಗಳನ್ನು ಕೇಳಿದೆ. ‘ಅದು ಕಾನ್ವೆಂಟ್‌ಗೆ ಹೋಗಿರುತ್ತೆ’ ಅಂದಳು. ಮುಗೀತು.

ಆ ವಿಳಾಸ ಸಿಕ್ಕಿದ್ದು ಡಾಕ್ಟರು ನೀರಿಗೆ ಬೀಳಿಸಿದ ಈಜುಕನ್ನಡಕದ ಮೇಲೆ. ಕನ್ನಡಕದ ಮೇಲೆ ಯಾರಾದರೂ ಮನೆ ನಂಬರ್ ಸಮೇತ ವಿಳಾಸ ಬರೆದುಕೊಳ್ಳುತ್ತಾರಾ ಅಂತ ನಾನು ನಕ್ಕೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮ, ‘ಯಾಕೆ, ನಾವು ಪಾತ್ರೆ ಮೇಲೆ ಹೆಸರು ಹೊಡೆಸಲ್ವಾ? ಮದುವೆ ಮನೆಗೆ ಹೋದ ಕೊಳದಪ್ಪಲೆ ವಾಪಸ್ ಬರೋದು ಹೇಗೆ ಮತ್ತೆ?’ ಅಂದರು. ಅಲ್ಲೂ ಸೋತೆ.

ತಿಮಿಂಗಿಲದ ಜಾಗ ಮಾತ್ರ ಸುಳ್ಳೇ. ಬಾಯಿಯೊಳಗೆ ಸಿಕ್ಕಿಕೊಂಡ ಇಬ್ಬರೂ ನೆತ್ತಿಯ ತೂತಿನಿಂದ ಕಾರಂಜಿ ಥರ ಹೊರಗೆ ಚಿಮ್ಮುತ್ತಾರೆ. ಆ ತೂತು ಉಸಿರಿನದು, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿಗೂ ಅದಕ್ಕೂ ದಾರಿಯೇ ಇಲ್ಲ. ದೂರದ ಲೆಕ್ಕವೂ ಕೂಡುವುದಿಲ್ಲ. ಆ ಹವಳದ ಸಾಲಿನ ದಕ್ಷಿಣದ ತುದಿಯಿಂದ ಹಿಡಿದರೂ ಸಿಡ್ನಿ 1000 ಕಿ.ಮೀ. ದಾಟುತ್ತದೆ. ಆಮೆಗಳ ಜೊತೆ ಅವರು ಹೋಗುವ ಸಮುದ್ರದ ಪ್ರವಾಹ ನಿಜವಾಗಿ ಇದೆ, ದಕ್ಷಿಣಕ್ಕೇ ಹರಿಯುತ್ತದೆ. ಆದರೆ ಅದರ ಜೋರು ಅಂದರೆ ಗಂಟೆಗೆ 7 ಕಿ.ಮೀ. ಆಸುಪಾಸು, ನಮ್ಮೂರಲ್ಲಿ ಬೆಳಿಗ್ಗೆ ಬಿರುಸಾಗಿ ವಾಕಿಂಗ್ ಹೋಗುವವರ ಹಾಗೆ. ಹಗಲೂ ರಾತ್ರಿ ಅದೇ ಜೋರಿನಲ್ಲಿ ಹೋದರೂ ಆರು ದಿನ ಬೇಕು. ಇದನ್ನು ಮಗಳಿಗೆ ಹೇಳಿಲ್ಲ, ಅವಳು ಕೇಳಿಯೂ ಇಲ್ಲ.

ಇಂಟರ್ನೆಟ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಸದ್ದು ಮಾಡುವ ತಪ್ಪು ಬೇರೆ ಇದೆ. ಕ್ಲೌನ್ ಮೀನುಗಳಲ್ಲಿ ಮೊದಲು ಎಲ್ಲವೂ ಗಂಡೇ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗಿರುತ್ತದೆ. ಅದು ಸತ್ತರೆ ಅದರ ಜೋಡಿ ಗಂಡೇ ನಿಧಾನಕ್ಕೆ ಹೆಣ್ಣಾಗುತ್ತದೆ. ಅಂದರೆ ಹೆಂಡತಿ ಹೋದ ಮೇಲೆ ಮಾರ್ಲಿನ್ ಅಮ್ಮನಾಗಬೇಕಿತ್ತು. ಮೊಟ್ಟೆಯಿಂದ ಹೊರಬಂದ ಮರಿಗಳಂತೂ ಅಪ್ಪನ ಹತ್ತಿರ ನಿಲ್ಲುವುದೇ ಇಲ್ಲ, ನೀರಿನಲ್ಲಿ ತೇಲಿ ಹೋಗಿ ಹತ್ತು ಹನ್ನೆರಡು ದಿನ ಕಳೆದು ಬೇರೆಲ್ಲೋ ಮನೆ ಹಿಡಿಯುತ್ತವೆ. ಒಂದು ಮಾತ್ರ ಸಿನಿಮಾದವರು ಸರಿಯಾಗಿ ತೋರಿಸಿದ್ದಾರೆ. ಮೊಟ್ಟೆ ಕಾಯುವುದು, ರೆಕ್ಕೆಯಲ್ಲಿ ಅದಕ್ಕೆ ನೀರು ಬೀಸುವುದು ಮುಖ್ಯವಾಗಿ ಗಂಡಿನ ಕೆಲಸವೇ.

ಇದನ್ನು ಓದಿದ ದಿನ ನನಗೆ ಭಾರಿ ಹುರುಪು. ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ, ‘ಆ ಮೀನು ನಿಜವಾಗಿ ತಾಯಿ ಆಗಬೇಕಿತ್ತಂತೆ ಕಣಮ್ಮ.’ ಅವರು ಮುದ್ದೆ ಮುರಿಯುತ್ತಾ ತಲೆ ಎತ್ತದೆ, ‘ಈಗ ಮಾತ್ರ ಏನಾಗಿದೆ? ಎರಡೂ ಅವನೇ ಆಗಿದ್ದಾನಲ್ಲ’ ಅಂದರು. ನಮ್ಮಪ್ಪ ಹೋದಾಗ ನನಗೆ ಒಂಬತ್ತು ವರ್ಷ. ನಾನು ಸಾರು ಹಾಕಿಸಿಕೊಂಡು ಸುಮ್ಮನಾದೆ.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ತೊಟ್ಟಿಯಲ್ಲಿರುವ ಮೀನುಗಳು ತಪ್ಪಿಸಿಕೊಳ್ಳಲು ಒಂದು ಉಪಾಯ ಮಾಡುತ್ತವೆ. ನೀಮೋ ಫಿಲ್ಟರ್ ಒಳಗೆ ನುಗ್ಗಿ, ತಿರುಗುವ ಫ್ಯಾನಿಗೆ ಕಲ್ಲು ಸಿಕ್ಕಿಸಬೇಕು. ಫಿಲ್ಟರ್ ನಿಂತರೆ ತೊಟ್ಟಿ ಪಾಚಿ ಕಟ್ಟುತ್ತದೆ. ಆಗ ಡಾಕ್ಟರು ತೊಳೆಯಲು ಮೀನುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹೊರಗಿಡುತ್ತಾನೆ, ಉರುಳಿಕೊಂಡು ಕಿಟಕಿ ದಾಟಬಹುದು. ಮೊದಲನೇ ಸಲ ಕಲ್ಲು ಜಾರಿ ನೀಮೋ ಫ್ಯಾನಿಗೆ ಸಿಗುವುದರಲ್ಲಿರುತ್ತಾನೆ. ಮಗಳು ಪ್ರತಿ ಸಲವೂ ಅಲ್ಲಿ ದುಪ್ಪಟ್ಟಿ ಮುಖಕ್ಕೆ ಎಳೆದುಕೊಳ್ಳುತ್ತಾಳೆ.

ನಾನು ಮಾತ್ರ ಅಲ್ಲಿ ಗೊಣಗುತ್ತೇನೆ. ನೀರೆಳೆಯುವ ಬಾಯಿಗೆ ಜಾಲರಿ ಇಲ್ಲದ ಪಂಪು ಯಾರು ಮಾಡುತ್ತಾರೆ? 1200 ಅಡಿ ಕೆಳಗೆ ಬಿಡುವ ನಮ್ಮ ಬೋರ್‌ವೆಲ್ ಮೋಟಾರ್‌ಗೂ ಜಾಲರಿ ಇರುತ್ತದೆ, ಅಲ್ಲಿ ಮೀನಿಲ್ಲ, ಬರೀ ಮರಳು. ಇನ್ನು ತಿರುಗುವ ಮೋಟಾರ್ ಜಾಮ್ ಆದರೆ ಏನಾಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು, ನನ್ನ ಮನೆ ನಡೆಯುವುದೇ ಅದರಿಂದ. ರೋಟರ್, ಅಂದರೆ ಒಳಗೆ ತಿರುಗುವ ಭಾಗ, ಸಿಕ್ಕಿಕೊಂಡರೆ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಸ್ಟಾರ್ಟರಿನ ರಿಲೇ ತಾನಾಗಿ ಕರೆಂಟ್ ಕಡಿಯದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕಾಯಿಲ್ ಸುಟ್ಟು ವಾರ್ನಿಷ್ ವಾಸನೆ ಬೀದಿ ತುದಿಗೆ ಬರುತ್ತದೆ. ರೋಗಿಗಳಿರುವ ಕ್ಲಿನಿಕ್ಕಿನಲ್ಲಿ ಆ ವಾಸನೆ ಯಾರಿಗೂ ಬರಲಿಲ್ಲವಾ? ಇದನ್ನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದೆ.

ಆಮೇಲೆ ಒಂದು ದಿನ ಮೀನು ಮಾರುವ ಅಂಗಡಿಯವರು ಒಂದು ಸಣ್ಣ ಫಿಲ್ಟರ್ ಪಂಪು ರಿಪೇರಿಗೆ ತಂದುಕೊಟ್ಟರು. ಬಿಚ್ಚಿದರೆ ಒಳಗೆ ಹೆಬ್ಬೆರಳಷ್ಟು ಅಯಸ್ಕಾಂತ, ಅದೇ ರೋಟರ್. ಸುತ್ತ ತೆಳು ತಂತಿಯ ಕಾಯಿಲ್. ಕರೆಂಟ್ ಕೊಟ್ಟು ಕಡ್ಡಿ ಇಟ್ಟು ತಡೆದೆ. ಗುಂಯ್ ಅಂತು, ಸ್ವಲ್ಪ ಬಿಸಿಯಾಯಿತು. ಕಾಲು ಗಂಟೆ ಬಿಟ್ಟರೂ ಸುಡಲಿಲ್ಲ. ಆ ತೆಳು ಕಾಯಿಲ್ಲೇ ಕರೆಂಟನ್ನು ತಡೆದುಕೊಳ್ಳುತ್ತದೆ, ಜಾಮ್ ಆದರೂ ಜಾಸ್ತಿ ಎಳೆಯುವುದಿಲ್ಲ. ಅಲ್ಲಿಗೆ ನನ್ನ ವಾದ ಬಿತ್ತು. ಜಾಲರಿ ವಿಷಯದಲ್ಲಿ ಮಾತ್ರ ಈಗಲೂ ಬಿಟ್ಟುಕೊಡುವುದಿಲ್ಲ.

ನಿಜವಾದ ಜಗಳ ಇರುವುದು ಮೋರಿಯಲ್ಲಿ. ತೊಟ್ಟಿಯ ಹಿರಿಯ ಮೀನು ಗಿಲ್, ನೀಮೋಗೆ ಒಂದು ಮಾತು ಹೇಳುತ್ತದೆ. ಸಿನಿಮಾ ಇಂಗ್ಲಿಷಿನದು, ಅರ್ಧ ಅವಳಿಗೆ ಅರ್ಥವಾಗುತ್ತದೆ, ಉಳಿದರ್ಧಕ್ಕೆ ನಾನು. ನಾನು ಹೇಳಿದ್ದು ಹೀಗೆ: ‘ಎಲ್ಲ ಮೋರಿ ನೀರೂ ಸಮುದ್ರಕ್ಕೇ ಹೋಗೋದು, ಮರಿ.’ ಕೊನೆಗೆ ನೀಮೋ ಹೊರಬರುವುದು ಇದೇ ನಂಬಿಕೆಯ ಮೇಲೆ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ಮುಕ್ಕಳಿಸಿ ಉಗಿಯುವ ಬಟ್ಟಲಿನ ತೂತಿನೊಳಗಿಂದ.

ಮಗಳು ತಕ್ಷಣ ಅಂದಳು, ‘ಇಲ್ಲಪ್ಪ. ಬೆಂಗಳೂರು ಮೋರಿ ನೀರು ನಮ್ಮ ಕೆರೆಗೆ ಬರುತ್ತಲ್ಲ?’

ಕೋಲಾರದ ಮಗುವಲ್ಲದೆ ಇದನ್ನು ಬೇರೆ ಯಾರು ಹೇಳಬೇಕು! ಬೇರೆ ಜಿಲ್ಲೆಯವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪಂಪ್ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುತ್ತಾರೆ, ಅಂತರ್ಜಲ ಮೇಲೆ ಬರಲಿ ಅಂತ. ನಾವು ಕೆ.ಸಿ. ವ್ಯಾಲಿ ನೀರು ಅನ್ನುತ್ತೇವೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೋಡಿ ಹರಿದು ಕೆರೆಯಿಂದ ಕೆರೆಗೆ. ಮೊದಲ ತಿಂಗಳುಗಳಲ್ಲೇ ನೊರೆ ಎದ್ದು ದೊಡ್ಡ ಗಲಾಟೆಯಾಗಿತ್ತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಕೂಗು ಈಗಲೂ ಇದೆ. ಬಸ್ಸಿನಲ್ಲಿ ನರಸಾಪುರದ ಕಡೆ ಹೋಗುವಾಗ ದೊಡ್ಡವರ ಬಾಯಲ್ಲಿ ಇದೇ ಮಾತು. ಮಗು ಕಿವಿ ತೆರೆದುಕೊಂಡು ಕೂತಿತ್ತು ಅಂತ ಕಾಣುತ್ತದೆ. ಸಮುದ್ರವನ್ನಂತೂ ಅವಳು ಇನ್ನೂ ನೋಡಿಲ್ಲ, ಅದು ಮದ್ರಾಸಿನ ಕಡೆ 250 ಕಿ.ಮೀ. ಮೇಲೆ.

ನಾನು ವಿವರಿಸಿದೆ. ಮೋರಿ ನೀರು ತಾನಾಗಿ ಎಲ್ಲೂ ಹೋಗಲ್ಲ. ಇಳಿಜಾರು ಬೇಕು, ಇಲ್ಲಾಂದ್ರೆ ಮೋಟಾರ್ ಬೇಕು. ಸಿಡ್ನಿಯಲ್ಲಿ ನೀರು ಕೊನೆಗೆ ಸಮುದ್ರಕ್ಕೇ ಹೋಗುವುದು ನಿಜ, ಅಲ್ಲಿ ದೊಡ್ಡ ಘಟಕಗಳ ಪೈಪು ದಡದಿಂದ ಎರಡರಿಂದ ನಾಲ್ಕು ಕಿ.ಮೀ. ದೂರ ಸಮುದ್ರದ ತಳದವರೆಗೂ ಹೋಗಿದೆ. ಆದರೆ ಘಟಕದ ಬಾಗಿಲಲ್ಲೇ ಕಂಬಿ ಜಾಲರಿ ಇರುತ್ತದೆ. ಬಟ್ಟೆ, ಕವರು, ಕಡ್ಡಿ ಎಲ್ಲ ಅಲ್ಲೇ ನಿಲ್ಲುತ್ತವೆ, ಮೀನೂ ಆ ಕಸದ ಜೊತೆಗೇ. ಅದಕ್ಕೂ ಮುಂಚೆ, ಉಪ್ಪು ನೀರಿನ ಮೀನು ನಲ್ಲಿಯ ಸಿಹಿ ನೀರಿನಲ್ಲಿ ಬದುಕುವುದೇ ಕಷ್ಟ.

‘ನಮ್ಮ ಬೋರ್ ನೀರೂ ಉಪ್ಪು ನೀರೇ ಅಲ್ವಾ?’

ಹೌದು, ಹಾಗೇ ಅನ್ನುತ್ತೇವೆ. ಬೋರಿನದು ಉಪ್ಪು ನೀರು, ಕ್ಯಾನಿನಲ್ಲಿ ಬರುವುದು ಸಿಹಿ ನೀರು. ಆ ಉಪ್ಪು ಬೇರೆ, ಸಮುದ್ರದ ಉಪ್ಪು ಬೇರೆ ಅಂತ ಹೇಳುವಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ನಾನು ಎದ್ದು ಹೋದೆ. ತಪ್ಪು ಮಾಡಿದ್ದು ಅಲ್ಲೇ.

ಎರಡು ವಾರ ಆದ ಮೇಲೆ ಜಾತ್ರೆಯಲ್ಲಿ ಎರಡು ಕಿತ್ತಳೆ ಬಣ್ಣದ ಗೋಲ್ಡ್‌ಫಿಶ್ ಕೊಡಿಸಿದ್ದೆ, ಕವರಿನಲ್ಲಿ. ಮಾರನೇ ದಿನ ಬೆಳಿಗ್ಗೆ ಅಮ್ಮ ಕೂಗಿಕೊಂಡರು. ಹೋಗಿ ನೋಡಿದರೆ ಮಗಳು ಬಚ್ಚಲಲ್ಲಿ ನಿಂತಿದ್ದಾಳೆ. ತೂತಿನ ಮೇಲಿನ ಜಾಲರಿ ಪಕ್ಕಕ್ಕಿದೆ. ಕವರಿನಲ್ಲಿ ಒಂದೇ ಮೀನು.

‘ಇನ್ನೊಂದು ಎಲ್ಲಮ್ಮ?’

‘ಕೆರೆಗೆ ಹೋಯ್ತು. ಇದನ್ನೂ ಬಿಡ್ತೀನಿ, ಒಂದೇ ಇದ್ರೆ ಅದಕ್ಕೆ ಬೇಜಾರಾಗುತ್ತೆ.’

ನಮ್ಮದು ಊರಿನ ಅಂಚಿನ ಮನೆ. ಬಚ್ಚಲ ನೀರು ಕೆರೆಗೂ ಹೋಗಲ್ಲ, ಸಮುದ್ರಕ್ಕೂ ಹೋಗಲ್ಲ. ಹತ್ತಡಿ ಪೈಪು, ಅದರಾಚೆ ಹಿತ್ತಲ ತೆಂಗಿನ ಮರದ ಪಾತಿ. ಇಬ್ಬರೂ ಓಡಿದೆವು. ಪಾತಿಯಲ್ಲಿ ಗೇಣಿನಷ್ಟು ಸೋಪಿನ ನೀರು ನಿಂತಿತ್ತು. ಅದರಲ್ಲಿ ಕಿತ್ತಳೆ ಬಣ್ಣ ಒಂದು ಸಲ ಪಳಕ್ ಅಂತು. ಅವಳು ಎರಡೂ ಕೈ ಬೊಗಸೆ ಮಾಡಿ ಎತ್ತಿದಳು, ನಾನು ಬಕೆಟ್ ಹಿಡಿದೆ. ಬದುಕಿತು. ಹೇಗೆ ಅಂತ ನನ್ನನ್ನು ಕೇಳಬೇಡಿ, ಇದನ್ನೇ ಸಿನಿಮಾದಲ್ಲಿ ತೋರಿಸಿದ್ದರೆ ನಾನೇ ಲಾಜಿಕ್ ಇಲ್ಲ ಅಂತಿದ್ದೆ.

ಈಗ ನಿಮ್ಮ ಎರಡನೇ ಪ್ರಶ್ನೆ, ಹೇಳಬೇಕಾ ಸುಮ್ಮನಿರಬೇಕಾ. ತಿಮಿಂಗಿಲ, ಪ್ರವಾಹ, ಗಂಡು ಹೆಣ್ಣು ಇದ್ಯಾವುದನ್ನೂ ಮಗು ಕೇಳದೆ ನೀವಾಗಿ ಎತ್ತಬೇಡಿ. ಎಲ್ಲರ ಮನೆ ದೋಸೆಯೂ ತೂತೇ, ತಿನ್ನಲಿ ಬಿಡಿ. ಆದರೆ ನೋಡಿ ಹಾಗೇ ಮಾಡಬಹುದಾದದ್ದು ಏನಾದರೂ ಇದ್ದರೆ ಅದನ್ನು ಅವತ್ತೇ ಹೇಳಿ, ಪೂರ್ತಿ ಹೇಳಿ, ಫೋನ್ ಬಂದರೂ ಎದ್ದು ಹೋಗಬೇಡಿ. ಈ ಸಿನಿಮಾದಲ್ಲಿ ಅಂಥದ್ದು ಮೋರಿಯ ಮಾತೊಂದೇ.

ಎರಡೂ ಮೀನು ಈಗ ಸಂಪಿನ ಪಕ್ಕದ ಸಿಮೆಂಟ್ ತೊಟ್ಟಿಯಲ್ಲಿವೆ. ಒಂದರ ಹೆಸರು ಡೋರಿ, ಪೈಪಿನಲ್ಲಿ ಹೋಗಿ ಬಂದದ್ದರ ಹೆಸರು ತೆಂಗಿನಕಾಯಿ. ಬಚ್ಚಲ ಜಾಲರಿಗೆ ನಾಲ್ಕು ಸ್ಕ್ರೂ ಹಾಕಿದ್ದೇನೆ. ನಿಮ್ಮ ಮನೆಯಲ್ಲಿ ಮೀನಿದ್ದರೆ ನೀವೂ ಹಾಕಿ, ತುಕ್ಕು ಹಿಡಿಯದ ಸ್ಟೀಲಿನದೇ ಕೇಳಿ ತನ್ನಿ.