ದೊಡ್ಡ ಜಿರಳೆ ಕಂಡಿತೆಂದು ಫ್ಲಾರಿಡಾದ ಮನೆ ಬಿಡಬೇಡಿ

ಬಾಡಿಗೆ ಕರಾರು ಮುರಿಯುವ ಯೋಚನೆಯನ್ನು ಮೊದಲು ಕೈಬಿಡಿ. ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರಕ್ಕೆ ಬಂದ ಹೊಸತರಲ್ಲೇ ಹಿಂಬಾಗಿಲ ಬಳಿ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಜಿರಳೆ ಕಂಡಿತು, ಪೊರಕೆ ತಾಗಿಸಿದ ಕೂಡಲೇ ಕೆಟ್ಟ ವಾಸನೆ ಬಿಟ್ಟಿತು, ಮನೆ ಇಷ್ಟು ಕೊಳಕೇ ಎಂದು ಪತ್ರ ಬರೆದು ಕೇಳಿದ್ದೀರಿ. ಮನೆ ಕೊಳಕಲ್ಲ. ಚಿಕ್ಕ ಮಗುವಿರುವ ಮನೆಯಲ್ಲಿ ಈ ಭಯ ಸಹಜ, ಆದರೆ ನೀವು ಕಂಡದ್ದು ಅಡುಗೆಮನೆಯ ಜೀವಿಯಲ್ಲ, ಕಾಡಿನದು.

ರೆಕ್ಕೆ ಇದ್ದೂ ಇಲ್ಲದಂತೆ ಎರಡು ಪುಟ್ಟ ತುಣುಕುಗಳು ಮಾತ್ರ, ಹೊಳೆಯುವ ಕಪ್ಪುಗೆಂಪು ಮೈ, ನಿಧಾನದ ನಡಿಗೆ ಎಂದು ಬರೆದಿದ್ದೀರಿ. ಇದು ಫ್ಲಾರಿಡಾ ಕಾಡುಜಿರಳೆ, ವೈಜ್ಞಾನಿಕ ಹೆಸರು ಯೂರಿಕೋಟಿಸ್ ಫ್ಲಾರಿಡಾನ. ಉದ್ದ 30ರಿಂದ 40 ಮಿಲಿಮೀಟರ್. ಹಾರಲಾರದು. ಫ್ಲಾರಿಡಾ, ಜಾರ್ಜಿಯಾದ ದಕ್ಷಿಣ ಭಾಗ, ಕ್ಯೂಬಾ, ಬಹಾಮಾ ದ್ವೀಪಗಳು ಇದರ ನೆಲೆ. ಎಲ್ಲಿಂದಲೋ ಹಡಗೇರಿ ಬಂದದ್ದಲ್ಲ, ಈ ಮಣ್ಣಿನದೇ.

ಇದಕ್ಕೆ ಬೇಕಾದದ್ದು ತೇವ, ಕತ್ತಲು ಮತ್ತು ಕೊಳೆಯುತ್ತಿರುವ ಮರ. ಬಿದ್ದ ದಿಮ್ಮಿಯ ಸಡಿಲ ತೊಗಟೆಯಡಿ, ಮರದ ಪೊಟರೆಯಲ್ಲಿ, ಪಾಲ್ಮೆಟ್ಟೊ ಎಂಬ ತಾಳೆಜಾತಿಯ ಗಿಡದ ಒಣಗಿದ ಗರಿಗಳ ಕೆಳಗೆ, ತರಗೆಲೆಯ ರಾಶಿಯಲ್ಲಿ ಹಗಲು ಕಳೆಯುತ್ತದೆ. ನಿಮ್ಮ ಅಂಗಳದಲ್ಲಿ ಸಬಾಲ್ ತಾಳೆಮರವಿದ್ದರೆ ಅದರ ಕಾಂಡವನ್ನು ನೋಡಿ. ಗರಿ ಉದುರಿದ ಮೇಲೂ ಅದರ ಬುಡಗಳು ಕಾಂಡಕ್ಕೆ ಅಂಟಿಕೊಂಡೇ ಇರುತ್ತವೆ, ಆ ಸಂದುಗಳಲ್ಲಿ ಕಸವೂ ನೀರಿನ ಪಸೆಯೂ ನಿಲ್ಲುತ್ತವೆ. ಇಂಥ ಪ್ರಾಣಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಕತ್ತಲಾದ ಮೇಲೆ ಹೊರಬಂದು ಕೊಳೆತ ಎಲೆ, ಪಾಚಿ, ಸತ್ತ ಗಿಡಗಳ ಚೂರು ತಿನ್ನುತ್ತದೆ. ಹೆಣ್ಣು ಒಂದು ಗಟ್ಟಿ ಕೋಶದೊಳಗೆ ಇಪ್ಪತ್ತರ ಆಸುಪಾಸಿನಷ್ಟು ಮೊಟ್ಟೆಗಳನ್ನಿಟ್ಟು ಅದನ್ನು ಸಂದಿನಲ್ಲಿ ಬಚ್ಚಿಡುತ್ತದೆ. ಎದೆಯ ಅಂಚಿನಲ್ಲಿ ಹಳದಿ ಪಟ್ಟಿಯಿರುವ ಮರಿಗಳನ್ನು ಕಂಡರೆ ಬೇರೆ ಯಾವುದೋ ಹುಳುವೆಂದುಕೊಳ್ಳಬೇಡಿ, ಅವೂ ಇದರವೇ. ಬಿದ್ದ ಎಲೆಯನ್ನು ಮಣ್ಣಾಗಿಸುವ ಕೆಲಸದಲ್ಲಿ ಇದರದೂ ಪಾಲಿದೆ. ನನಗೆ ಇದರ ಬಗ್ಗೆ ಗೌರವವಿದೆ.

ವಾಸನೆಯ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಓಡಲು ವೇಗವಿಲ್ಲ, ಹಾರಲು ರೆಕ್ಕೆಯಿಲ್ಲ. ಉಳಿದ ಆಯುಧವೆಂದರೆ ಹೊಟ್ಟೆಯ ಅಡಿಭಾಗದ ಗ್ರಂಥಿಯಿಂದ ಚಿಮ್ಮುವ ದ್ರವ. ಅದರಲ್ಲಿ ಮುಖ್ಯವಾಗಿರುವುದು ಹೆಕ್ಸೆನಾಲ್ ಎಂಬ ರಾಸಾಯನಿಕ. ಹಸಿರೆಲೆಯನ್ನು ಕಿವುಚಿದಾಗ ಬರುವ ಪರಿಮಳದಲ್ಲೂ ಅದೇ ಇರುತ್ತದೆ, ಆದರೆ ಇಲ್ಲಿ ಅದು ದಟ್ಟವಾಗಿರುವುದರಿಂದ ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಆದ್ದರಿಂದ ಬರಿಗೈಯಲ್ಲಿ ಹಿಡಿಯಬೇಡಿ, ಮಗು ಮುಟ್ಟದಂತೆ ನೋಡಿಕೊಳ್ಳಿ. ಒಂದು ಡಬ್ಬಿಯನ್ನು ಬೋರಲು ಮುಚ್ಚಿ, ಕೆಳಗೆ ರಟ್ಟು ತೂರಿಸಿ ಹೊರಗೆ ಬಿಟ್ಟರೆ ಸಾಕು.

ಪಕ್ಕದ ಮನೆಯವರು ‘ಅದು ಪಾಲ್ಮೆಟ್ಟೊ ಬಗ್’ ಎಂದು ಸಮಾಧಾನ ಹೇಳಿದ್ದಾರೆಂದು ಬರೆದಿದ್ದೀರಿ. ಇಲ್ಲಿನವರು ಮೂರು ಬಗೆಯ ದೊಡ್ಡ ಜಿರಳೆಗಳಿಗೂ ಹಾಗೆಯೇ ಅನ್ನುತ್ತಾರೆ, ಹಾಗಾಗಿ ಮಾತನ್ನು ಬಿಟ್ಟು ಮೈಯನ್ನು ನೋಡಿ. ಕೆಂಗಂದು ಮೈ, ತಲೆಯ ಹಿಂದಿನ ಫಲಕಕ್ಕೆ ಹಳದಿ ಅಂಚು, ಉದ್ದ ರೆಕ್ಕೆ ಇದ್ದರೆ ಅದು ಅಮೆರಿಕನ್ ಜಿರಳೆ. ಚರಂಡಿ, ಒಳಚರಂಡಿಗಳಲ್ಲೂ ಓಡಾಡುವಂಥದ್ದು. ಇಡೀ ಮೈ ಒಂದೇ ಸಮ ಕಡುಗಂದಾಗಿದ್ದು ದೀಪಕ್ಕೆ ಹಾರಿ ಬಂದರೆ ಅದು ಹೊಗೆಗಂದು ಜಿರಳೆ. ಅದರ ಮೈಯ ನೀರು ಬೇಗ ಆರುವುದರಿಂದ ಅದು ಸೂರಿನಂಚಿನ, ಎಲೆ ತುಂಬಿದ ಮಳೆನೀರಿನ ದೋಣಿಗಳನ್ನೂ ಮರದ ಪೊಟರೆಗಳನ್ನೂ ಬಿಟ್ಟು ದೂರ ಹೋಗುವುದಿಲ್ಲ.

ಕಾಡುಜಿರಳೆ ಮನೆಯೊಳಗೆ ಸಂಸಾರ ಹೂಡುವುದು ಅಪರೂಪ. ಎಸಿಯ ಒಣ ಗಾಳಿ ಅದಕ್ಕೆ ಆಗದು. ಜೋರು ಮಳೆಯ ನಂತರ, ಅಥವಾ ಸೌದೆಯ ಜೊತೆ, ದಾರಿ ತಪ್ಪಿ ಒಳಬರುತ್ತದೆ. ಆದ್ದರಿಂದ ಔಷಧಿಗಿಂತ ಮೊದಲು ಬಾಗಿಲಿನ ಕೆಳಗಿನ ಸಂದು ಮುಚ್ಚಿ, ಸೌದೆಯ ರಾಶಿಯನ್ನು ಗೋಡೆಯಿಂದ ದೂರ ಸರಿಸಿ, ಗಿಡಗಳ ಬುಡಕ್ಕೆ ಹಾಸಿದ ತೊಗಟೆಚೂರು ಗೋಡೆಗೆ ತಾಗದಂತೆ ಬಿಡಿ, ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಿ. ಒಂದು ಜಿರಳೆ ಕಂಡ ಗಾಬರಿಯಲ್ಲಿ ವರ್ಷವಿಡೀ ಔಷಧಿ ಸಿಂಪಡಿಸುವ ಒಪ್ಪಂದಕ್ಕೆ ಸಹಿ ಹಾಕಬೇಡಿ. ಅಂಗಳಕ್ಕೆಲ್ಲ ವಿಷ ಹಾಕಿದರೆ ಜಿರಳೆ ತಿನ್ನುವ ಹಲ್ಲಿ, ಕಪ್ಪೆಗಳಿಗೂ ಅದು ತಾಗುತ್ತದೆ.

ಚಿಂತೆ ಮಾಡಬೇಕಾದ ಜಿರಳೆ ಚಿಕ್ಕದು. ಒಂದೂವರೆ ಸೆಂಟಿಮೀಟರ್ ಮೀರದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ಜರ್ಮನ್ ಜಿರಳೆ ಫ್ರಿಜ್ಜಿನ ಹಿಂದೆ, ಸಿಂಕಿನ ಕೆಳಗೆ ಕಂಡರೆ ಅದು ಒಳಗೇ ಸಂತಾನ ಬೆಳೆಸುತ್ತಿದೆ ಎಂದರ್ಥ. ಅದರ ಹಿಕ್ಕೆ ಮತ್ತು ಕಳಚಿದ ಪೊರೆ ಮಕ್ಕಳ ಆಸ್ತಮಾವನ್ನು ಕೆರಳಿಸುತ್ತವೆ. ಆಗ ತಡಮಾಡದೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಫ್ಲಾರಿಡಾ ಕಾನೂನಿನ 83.51ನೇ ವಿಧಿಯ ಪ್ರಕಾರ ಅಪಾರ್ಟ್‌ಮೆಂಟಿನಲ್ಲಿ ಜಿರಳೆ ನಿವಾರಣೆಯ ವ್ಯವಸ್ಥೆ ಮಾಲೀಕರ ಹೊಣೆ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ. ಒಂಟಿ ಮನೆಗೂ ಒಂದೇ ಕಟ್ಟಡದಲ್ಲಿ ಎರಡು ಮನೆಗಳಿರುವ ಡ್ಯೂಪ್ಲೆಕ್ಸ್‌ಗೂ ಆ ನಿಯಮ ಅನ್ವಯಿಸುವುದಿಲ್ಲ. ನಿಮ್ಮದು ಯಾವ ಬಗೆಯದೆಂದು ಕರಾರಿನಲ್ಲಿ ಇವತ್ತೇ ನೋಡಿಕೊಳ್ಳಿ.