ಬೆಲ್ ಹಾಡುವ ಹಾಡು ಇರುವ ಪ್ರತಿಯನ್ನೇ ನೋಡಿ

ಏಳು ವರ್ಷದ ಮಗಳ ಜೊತೆ ‘ದಿ ಮಪೆಟ್ ಕ್ರಿಸ್ಮಸ್ ಕ್ಯಾರೋಲ್’ ನೋಡಬೇಕೆಂದಿದ್ದೀರಿ. ಒಂದು ಹಾಡು ಇರುವ ಪ್ರತಿ, ಅದೇ ಹಾಡು ಇಲ್ಲದ ಪ್ರತಿ ಅಂತ ಎರಡಿವೆಯಂತೆ, ಯಾವುದನ್ನು ನೋಡಲಿ, ಆ ಹಾಡು ಅಷ್ಟು ಮುಖ್ಯವೇ ಎಂದು ಕೇಳಿದ್ದೀರಿ.

ಹಾಡು ಇರುವುದನ್ನೇ ನೋಡಿ ಅನ್ನುವುದು ನನ್ನ ಉತ್ತರ. ಆದರೆ ನಮ್ಮ ಮನೆಯಲ್ಲೇ ಇದಕ್ಕೆ ಎರಡು ಪಕ್ಷಗಳಿವೆ. ನಾನು ಒಂದು ಕಡೆ, ನಮ್ಮ ಅತ್ತಿಗೆ ಇನ್ನೊಂದು ಕಡೆ. ಇಬ್ಬರಿಗೂ ಈ ಚಿತ್ರದ ಹಾಡುಗಳೆಲ್ಲ ಬಾಯಿಪಾಠ. ಡಿಸೆಂಬರ್ ಬಂತೆಂದರೆ ಫೋನಿನಲ್ಲಿ ಇದೇ ವಾದ. ಅತ್ತಿಗೆಯ ಮಾತಿನಲ್ಲೂ ಹುರುಳಿದೆ, ಹಾಗಾಗಿ ಎರಡನ್ನೂ ಹೇಳುತ್ತೇನೆ.

ಕಥೆ ಡಿಕನ್ಸ್ 1843ರಲ್ಲಿ ಬರೆದದ್ದು. ಕೈ ಬಿಚ್ಚದ ಜಿಪುಣ ಸ್ಕ್ರೂಜ್. ಕ್ರಿಸ್ಮಸ್ ಹಿಂದಿನ ರಾತ್ರಿ ಮೂರು ಆತ್ಮಗಳು ಬಂದು ಅವನ ಹಿಂದಿನದು, ಇಂದಿನದು, ಮುಂದಿನದು ಮೂರನ್ನೂ ತೋರಿಸುತ್ತವೆ, ಬೆಳಗಾಗುವ ಹೊತ್ತಿಗೆ ಮನುಷ್ಯ ಬದಲಾಗಿರುತ್ತಾನೆ. 1992ರ ಈ ಚಿತ್ರದಲ್ಲಿ ಸ್ಕ್ರೂಜ್ ಆಗಿ ಮೈಕೆಲ್ ಕೇನ್ ಇದ್ದಾರೆ, ಸುತ್ತ ಹೆಚ್ಚಿನವರೆಲ್ಲ ಮಪೆಟ್ ಎಂಬ ಬೊಂಬೆಗಳು. ಬೊಂಬೆಗಳೆದುರು ನಟಿಸುತ್ತಿದ್ದೇನೆ ಎಂಬ ಸುಳಿವನ್ನು ಕೇನ್ ಎಲ್ಲಿಯೂ ಬಿಟ್ಟುಕೊಡುವುದಿಲ್ಲ. ಶೇಕ್ಸ್‌ಪಿಯರ್ ನಾಟಕಕ್ಕೆ ಕೊಡುವ ಗಾಂಭೀರ್ಯವನ್ನೇ ಕಪ್ಪೆ ಬೊಂಬೆಯ ಜೊತೆಗಿನ ಮಾತಿಗೂ ಕೊಟ್ಟಿದ್ದಾರೆ. ಹಾಡುಗಳು ನಿಲ್ಲುವುದು ಅದರ ಮೇಲೆಯೇ.

ಹಾಡುಗಳನ್ನು ಬರೆದದ್ದು ಪಾಲ್ ವಿಲಿಯಮ್ಸ್. 1979ರ ‘ದಿ ಮಪೆಟ್ ಮೂವಿ’ಯ ‘ರೇನ್‌ಬೋ ಕನೆಕ್ಷನ್’ ಹಾಡನ್ನು ಕೆನೆತ್ ಆಶರ್ ಜೊತೆ ಸೇರಿ ಬರೆದವರೂ ಅವರೇ. ನಡುವೆ ಕುಡಿತ, ಡ್ರಗ್ಸ್‌ನಲ್ಲಿ ವರ್ಷಗಟ್ಟಲೆ ಕಳೆದುಹೋಗಿ, 1990ರಲ್ಲಿ ಅದೆಲ್ಲ ಬಿಟ್ಟು ಎದ್ದುಬಂದವರು. ಅದಾದ ಮೇಲೆ ಕೈಗೆ ಬಂದ ಕೆಲಸ ಇದು. ಹಾಳಾದ ಬದುಕು ಮತ್ತೆ ಸರಿಹೋಗಬಹುದು ಎಂಬ ಕಥೆಗೆ ಅವರಿಗಿಂತ ತಕ್ಕವರು ಯಾರು ಸಿಗುತ್ತಿದ್ದರು? ಚಿತ್ರತಂಡಕ್ಕೂ ಅದು ನೋವಿನ ಕಾಲ. ಮಪೆಟ್‌ಗಳ ಜನಕ ಜಿಮ್ ಹೆನ್ಸನ್ 1990ರ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಹಿರಿಯ ಬೊಂಬೆಯಾಡಿಸುವ ಕಲಾವಿದ ರಿಚರ್ಡ್ ಹಂಟ್ 1992ರ ಜನವರಿಯಲ್ಲಿ ಹೋದರು. ನಿರ್ದೇಶನಕ್ಕೆ ನಿಂತದ್ದು ಹೆನ್ಸನ್ ಮಗ ಬ್ರಯನ್. ಕರ್ಮಿಟ್ ಕಪ್ಪೆಗೆ ಸ್ಟೀವ್ ವಿಟ್ಮೈರ್ ದನಿಯಾದರು. ಚಿತ್ರವನ್ನು ಅರ್ಪಿಸಿರುವುದು ಹೋದ ಆ ಇಬ್ಬರಿಗೆ.

ಈಗ ನೀವು ಕೇಳಿದ ಹಾಡಿಗೆ ಬರೋಣ. ಹೆಸರು ‘ವೆನ್ ಲವ್ ಈಸ್ ಗಾನ್’. ಮೊದಲ ಆತ್ಮ ಸ್ಕ್ರೂಜ್‌ನನ್ನು ಅವನ ಯೌವನಕ್ಕೆ ಕರೆದುಕೊಂಡು ಹೋಗುತ್ತದೆ. ಅವನನ್ನು ಪ್ರೀತಿಸಿದ್ದ ಬೆಲ್, ಮದುವೆಯನ್ನು ಮತ್ತೆ ಮತ್ತೆ ಮುಂದೂಡುತ್ತಿರುವ ಅವನನ್ನು ಹಿಮದ ನಡುವೆ ಬಿಟ್ಟು ಹೋಗುತ್ತಾಳೆ. ಹೋಗುವ ಮುನ್ನ ಅವಳು ಹಾಡುವ ಹಾಡು ಇದು. ಮೆರೆಡಿತ್ ಬ್ರಾನ್ ಬಹಳ ಸರಳವಾಗಿ, ಎಲ್ಲೂ ಕಿರುಚದೆ ಹಾಡಿದ್ದಾರೆ. ಈ ಹಾಡಿನಲ್ಲಿ ಬೊಂಬೆಗಳ ಆಟವಿಲ್ಲ, ನಗುವಿಲ್ಲ. ಆಗ ಡಿಸ್ನಿ ಸ್ಟುಡಿಯೋದ ಮುಖ್ಯಸ್ಥರಾಗಿದ್ದ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಅವರಿಗೆ ಮಕ್ಕಳು ಇಲ್ಲಿ ಚಡಪಡಿಸುತ್ತಾರೆ ಅನ್ನಿಸಿತು. ಥಿಯೇಟರಿಗೆ ಹೋದ ಪ್ರತಿಯಲ್ಲಿ ಹಾಡು ಉಳಿಯಲಿಲ್ಲ. ಮುಂದೆ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಸೇರಿಕೊಂಡಿತು, ಆ ಕ್ಯಾಸೆಟ್ ನೋಡಿ ಬೆಳೆದವರ ಪಾಲಿಗೆ ಹಾಡು ಚಿತ್ರದ ಭಾಗವೇ. ಮೂಲ ನೆಗೆಟಿವ್ ಎಲ್ಲಿದೆಯೋ ಗೊತ್ತಾಗದೆ ವರ್ಷಗಟ್ಟಲೆ ಹುಡುಕಿದರು. ಕೊನೆಗೆ ಸಿಕ್ಕಿದೆ ಎಂಬ ಸುದ್ದಿ 2020ರಲ್ಲಿ ಬಂತು. 2022ರ ಡಿಸೆಂಬರಿನಲ್ಲಿ, ಚಿತ್ರಕ್ಕೆ 30 ವರ್ಷ ತುಂಬಿದಾಗ, ಹಾಡು ಸೇರಿಸಿದ ಪೂರ್ಣ ಪ್ರತಿ ಡಿಸ್ನಿ ಪ್ಲಸ್‌ನ ಎಕ್ಸ್‌ಟ್ರಾಸ್ ವಿಭಾಗದಲ್ಲಿ ಬಂತು. ನೀವು ಕೇಳಿದ ಎರಡು ಪ್ರತಿಗಳ ಕಥೆ ಇಷ್ಟು.

ಅತ್ತಿಗೆಯ ವಾದ ಕೇಳಿ. “ಮೊದಲನೇ ಹಾಡು ನೆನಪು ಮಾಡ್ಕೋ” ಅನ್ನುತ್ತಾರೆ. ಚಿತ್ರ ಶುರುವಾಗುವ ‘ಸ್ಕ್ರೂಜ್’ ಹಾಡಿನಲ್ಲಿ ಬೀದಿಗೆ ಬೀದಿಯೇ ಅವನನ್ನು ಆಡಿಕೊಂಡು ಹಾಡುತ್ತದೆ. ಇಲಿ, ಕುದುರೆ, ಕೊನೆಗೆ ತರಕಾರಿಗಳೂ ಬಿಡುವುದಿಲ್ಲ. ಅವನು ಮಾತ್ರ ಬಾಯಿ ಬಿಡದೆ, ಮುಖವನ್ನೂ ಸರಿಯಾಗಿ ತೋರಿಸದೆ ನಡೆದುಹೋಗುತ್ತಾನೆ. ಊರೆಲ್ಲ ಹಾಡುವಾಗ ಹಾಡದ ಮನುಷ್ಯ. “ಇಡೀ ಸಿನಿಮಾ ಹಾಡದೇ ಇದ್ದು, ಕೊನೆಗೆ ಕ್ರಿಸ್ಮಸ್ ಬೆಳಿಗ್ಗೆ ಬೀದಿಗೆ ಬಂದು ‘ಥ್ಯಾಂಕ್‌ಫುಲ್ ಹಾರ್ಟ್’ ಹಾಡ್ತಾನಲ್ಲ, ಅವನ ಗಂಟಲಿಂದ ಹಾಡು ಬರೋದು ಅದೇ ಮೊದಲು. ಎಷ್ಟು ಚೆನ್ನಾಗಿದೆ ಅದು! ಬೆಲ್ ಹಾಡು ಸೇರಿಸಿದ್ರೆ ಅದು ಕೆಟ್ಟುಹೋಗುತ್ತೆ ಕಣೋ.”

ಈ ಮಾತನ್ನು ಸುಮ್ಮನೆ ತಳ್ಳಿಹಾಕಲು ಆಗುವುದಿಲ್ಲ. ಪೂರ್ಣ ಪ್ರತಿಯಲ್ಲಿ ಬೆಲ್ ಹಾಡುತ್ತಿರುವಾಗ ಮುದುಕ ಸ್ಕ್ರೂಜ್ ಪಕ್ಕದಲ್ಲೇ ನಿಂತಿರುತ್ತಾನೆ, ಹಾಡಿನ ಕೊನೆಯಲ್ಲಿ ಗದ್ಗದ ಕಂಠದಲ್ಲಿ ಅವಳ ಜೊತೆ ದನಿ ಸೇರಿಸುತ್ತಾನೆ. ಅಂದರೆ ಅವನು ಮೊದಲು ಹಾಡುವುದು ಅಲ್ಲಿ. ಮೈಕೆಲ್ ಕೇನ್ ಗಾಯಕರಲ್ಲ, ದನಿ ನಡುಗುತ್ತದೆ. ಆ ನಡುಕವೇ ನನಗೆ ಬೇಕಾದದ್ದು. ಅವಳಿಗೆ ಅವನು ಕಾಣುವುದಿಲ್ಲ, ಅವನ ದನಿ ಕೇಳುವುದೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಹಾಡಿದವನ ಹಾಡು ಕೇಳಬೇಕಾದವಳನ್ನು ತಲುಪಲಿಲ್ಲ. ಇದಾದ ಮೇಲೆ ‘ಥ್ಯಾಂಕ್‌ಫುಲ್ ಹಾರ್ಟ್’ ಕೇಳಿ ನೋಡಿ. ಈಗ ಹಾಡಿದರೆ ಎದುರಿಗಿರುವ ಜನಕ್ಕೆ ಕೇಳಿಸುತ್ತದೆ, ಅವರು ತಿರುಗಿ ನೋಡುತ್ತಾರೆ, ಜೊತೆಗೆ ಬರುತ್ತಾರೆ. ಅತ್ತಿಗೆಗೆ ಇಷ್ಟವಾದ ಆ ಹಾಡಿಗೆ ನನ್ನ ಲೆಕ್ಕದಲ್ಲಿ ಇನ್ನೂ ಬೆಲೆ ಬರುವುದು ಇದರಿಂದಲೇ.

ಅದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಚಿತ್ರದ ಕಟ್ಟಕಡೆಗೆ ಸ್ಕ್ರೂಜ್‌ನ ಗುಮಾಸ್ತ ಕ್ರಾಚಿಟ್ ಮನೆಯಲ್ಲಿ ಎಲ್ಲರೂ ಸೇರಿ ಹಾಡುತ್ತಾರಲ್ಲ, ಅದರ ಧಾಟಿ ಯಾವುದು ಗೊತ್ತೇ? ಬೆಲ್ ಹಾಡಿದ ಧಾಟಿಯೇ. ಮಾತು ಮಾತ್ರ ಬದಲು: ಅಲ್ಲಿ ಕಳೆದುಹೋದ ಪ್ರೀತಿ, ಇಲ್ಲಿ ಸಿಕ್ಕಿದ ಪ್ರೀತಿ. ಒಬ್ಬಳು ಹಿಮದಲ್ಲಿ ನಿಂತು ಹಾಡಿದ ರಾಗವನ್ನು ಈಗ ಮನೆ ತುಂಬ ಜನ ಹಾಡುತ್ತಾರೆ, ಸ್ಕ್ರೂಜ್ ಅವರ ನಡುವೆ ನಿಂತಿರುತ್ತಾನೆ. ಪಾಲ್ ವಿಲಿಯಮ್ಸ್ ಚಿತ್ರದ ಸಂಗೀತವನ್ನೆಲ್ಲ ಕಟ್ಟಿದ್ದು ಈ ಎರಡು ಜಾಗಗಳ ನಡುವೆ. ಮೊದಲನೆಯದನ್ನು ಕಿತ್ತುಹಾಕಿದರೆ ಎರಡನೆಯದು ಬರೀ ಒಂದು ಇಂಪಾದ ಹಾಡಾಗಿ ಉಳಿಯುತ್ತದೆ. ಕಳೆದುಕೊಂಡದ್ದನ್ನೇ ಕೇಳದ ಮಗುವಿಗೆ ಸಿಕ್ಕಿದ್ದು ಏನು ಅಂತ ಹೇಗೆ ತಿಳಿಯಬೇಕು? ಇದಕ್ಕೆ ಅತ್ತಿಗೆ, “ಮಕ್ಕಳು ಧಾಟಿ ಎಲ್ಲಿ ಗುರುತು ಹಿಡೀತಾರೆ?” ಅನ್ನುತ್ತಾರೆ. ಹಿಡಿಯುತ್ತಾರೆ. ಹೆಸರು ಹೇಳಲಿಕ್ಕೆ ಬಾರದಿರಬಹುದು, ಆದರೆ ಒಮ್ಮೆ ಕೇಳಿದ ರಾಗ ಮತ್ತೆ ಬಂದಾಗ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಕತ್ತರಿಸಿದ ಗುರುತೂ ಚಿತ್ರದಲ್ಲಿ ಹಾಗೇ ಉಳಿದಿದೆ. ಹಾಡಿಲ್ಲದ ಪ್ರತಿಯಲ್ಲಿ ಬೆಲ್ ನಾಲ್ಕು ಮಾತಾಡಿ ಎದ್ದು ಹೋಗುತ್ತಾಳೆ, ಮರುಕ್ಷಣವೇ ರಿಜ್ಜೋ ಇಲಿ ಬಿಕ್ಕಿ ಬಿಕ್ಕಿ ಅಳುತ್ತಿರುತ್ತದೆ. ಇಷ್ಟಕ್ಕೇ ಇದ್ಯಾಕೆ ಹೀಗೆ ಅಳುತ್ತಿದೆ ಅನ್ನಿಸುತ್ತದೆ. ಅದು ಅಳುತ್ತಿರುವುದು ನಾವು ಕೇಳದ ಹಾಡಿಗೆ. ನಿಮ್ಮ ಕೈಯಲ್ಲಿರುವುದು ಯಾವ ಪ್ರತಿ ಎಂದು ತಿಳಿಯಲು ಈ ಜಾಗ ನೋಡಿದರೆ ಸಾಕು.

ನಾನೂ ಅತ್ತಿಗೆಯೂ ಒಂದಾಗುವ ಹಾಡುಗಳೇ ಹೆಚ್ಚು. ‘ಒನ್ ಮೋರ್ ಸ್ಲೀಪ್’ ನಿಮ್ಮ ಮಗಳು ಒಂದೇ ಸಲಕ್ಕೆ ಕಲಿತುಬಿಡುತ್ತಾಳೆ. ‘ಮಾರ್ಲಿ ಅಂಡ್ ಮಾರ್ಲಿ’ಗೆ ಸ್ವಲ್ಪ ಹೆದರಬಹುದು, ಪಕ್ಕದಲ್ಲಿ ಕೂತಿರಿ. ಡಿಕನ್ಸ್ ಕಥೆಯಲ್ಲಿ ಸತ್ತ ಪಾಲುದಾರ ಮಾರ್ಲಿ ಒಬ್ಬನೇ. ಇಲ್ಲಿ ಸ್ಟ್ಯಾಟ್ಲರ್, ವಾಲ್ಡಾರ್ಫ್ ಎಂಬ ಇಬ್ಬರು ಗೊಣಗುವ ಮುದುಕ ಮಪೆಟ್‌ಗಳಿಗೂ ಪಾತ್ರ ಸಿಗಲೆಂದು ಅಣ್ಣತಮ್ಮಂದಿರನ್ನಾಗಿ ಮಾಡಿದ್ದಾರೆ. ಸರಪಳಿಯಲ್ಲಿ ಬಿಗಿದುಕೊಂಡು, ಕೆಟ್ಟದ್ದು ಮಾಡಿದ್ದಕ್ಕೆ ಅನುಭವಿಸುತ್ತಿದ್ದೇವೆ ಅಂತ ಹಾಡುತ್ತಲೇ ನಗುತ್ತಾರೆ.

ಇದನ್ನು ಕೇಳುವಾಗ ಜೆರ್ರಿ ನೆಲ್ಸನ್ ಎಂಬ ಹೆಸರು ನೆನಪಿಟ್ಟುಕೊಳ್ಳಿ. ಆ ಮಾರ್ಲಿಗಳಲ್ಲಿ ಒಬ್ಬನಾದ ಸ್ಟ್ಯಾಟ್ಲರ್ ದನಿ ಅವರದು. ‘ಇಟ್ ಫೀಲ್ಸ್ ಲೈಕ್ ಕ್ರಿಸ್ಮಸ್’ ಎಂದು ಎದೆ ತುಂಬಿ ಹಾಡುವ, ಗಡ್ಡ ಬಿಟ್ಟ ದೈತ್ಯ ಆತ್ಮದ ದನಿಯೂ ಅವರದೇ. ‘ಬ್ಲೆಸ್ ಅಸ್ ಆಲ್’ ಎಂದು ಊಟದ ಮೇಜಿನ ಮುಂದೆ ಕೂತು ಸಣ್ಣ ದನಿಯಲ್ಲಿ ಹಾಡುವ ಕಾಯಿಲೆಯ ಕಪ್ಪೆಮರಿ ಟೈನಿ ಟಿಮ್ ಇದ್ದಾನಲ್ಲ, ಅವನೂ ಅವರೇ. ನರಕದ ಭಯ, ಹಬ್ಬದ ಸಂಭ್ರಮ, ಮಗುವಿನ ಪ್ರಾರ್ಥನೆ ಮೂರೂ ಒಂದೇ ಕಂಠದಿಂದ! ಆ ಕಲಾವಿದ 2012ರಲ್ಲಿ ತೀರಿಕೊಂಡರು. ತೆರೆಯ ಮೇಲೆ ಮುಖವೇ ಕಾಣದ ಇಂಥವರ ಹೆಸರನ್ನು ಮಕ್ಕಳಿಗೆ ಹೇಳಿಕೊಡಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಮಗಳಿಗೆ ಬೇಸರವಾದೀತೇ ಎಂಬುದು ನಿಮ್ಮ ಕೊನೆಯ ಅನುಮಾನ. ಏಳು ವರ್ಷದ ಮಗು ಬೆಲ್ ಹಾಡುವಾಗ ಸ್ವಲ್ಪ ಕೊಸರಾಡಬಹುದು, ನೀರು ಕೇಳಬಹುದು. ಆಡಲಿ ಬಿಡಿ, ಹಾಡನ್ನು ಮಾತ್ರ ಮುಂದಕ್ಕೆ ಓಡಿಸಬೇಡಿ. ನಾಲ್ಕು ವರ್ಷದ ತಮ್ಮನೋ ತಂಗಿಯೋ ಜೊತೆಗಿದ್ದರೆ ಅತ್ತಿಗೆಯ ಪ್ರತಿ ಹಾಕಿ, ಅದಕ್ಕೆ ನನ್ನ ತಕರಾರಿಲ್ಲ. ಆಗಲೂ ಚಿತ್ರ ಮುಗಿದು ಹೆಸರುಗಳು ಬರುವಾಗ ಟಿವಿ ಆರಿಸಬೇಡಿ. ಬೆಲ್ ಹಾಡನ್ನು ಅಲ್ಲಿ ಮಾರ್ಟಿನಾ ಮೆಕ್‌ಬ್ರೈಡ್ ಹಾಡಿದ್ದಾರೆ. ಇನ್ನೂ ಬೇಕೆನಿಸಿದರೆ ಹಾಡುಗಳ ಆಲ್ಬಮ್ ಹುಡುಕಿ. ಚಿತ್ರದಲ್ಲಿ ಜಾಗ ಸಿಗದ ಎರಡು ಹಾಡುಗಳು ಅದರಲ್ಲಿವೆ: ‘ರೂಮ್ ಇನ್ ಯುವರ್ ಹಾರ್ಟ್’, ಮತ್ತೆ ಸ್ಯಾಮ್ ಹದ್ದು ಹಾಡುವ ‘ಚೇರ್ಮನ್ ಆಫ್ ದಿ ಬೋರ್ಡ್’. ಅವೆರಡನ್ನು ಬಿಟ್ಟದ್ದು ಸರಿ ಅನ್ನುವುದರಲ್ಲಿ ಅತ್ತಿಗೆಗೂ ನನಗೂ ಭಿನ್ನಾಭಿಪ್ರಾಯವಿಲ್ಲ.