ಮೆಕ್ಕೆಜೋಳದ ನಂತರ ಕಡಲೆ ಹಳದಿ, ಬೇರಲ್ಲಿ ಗಂಟಿಲ್ಲ: ಪ್ರತಿಕ್ರಿಯೆ

ಮೆಕ್ಕೆಜೋಳದ ನಂತರ ಬಿತ್ತಿದ ಕಡಲೆ ಹಳದಿಯಾಗಿದೆ, ಬೇರಲ್ಲಿ ಗಂಟಿಲ್ಲ, ಯಾಕೆ ಅಂತ ಕೇಳಿದ್ದೀರಿ. ಮುಂಗಾರಿನ ಮೆಕ್ಕೆಜೋಳಕ್ಕೆ ಹೊಡೆದ ಅಟ್ರಾಜಿನ್ ಎಂಬ ಕಳೆನಾಶಕ ಇನ್ನೂ ಮಣ್ಣಲ್ಲೇ ಉಳಿದಿರುವ ಸಾಧ್ಯತೆ ಜಾಸ್ತಿ. ಎರೆ ಹೊಲ, ಮಳೆ ಬೇಗ ನಿಂತಿತು ಅಂದಿದ್ದೀರಿ, ಅಲ್ವಾ? ಅಟ್ರಾಜಿನ್ ಕರಗಿಸುವುದು ಬಹುಪಾಲು ಮಣ್ಣಿನ ಸೂಕ್ಷ್ಮಜೀವಿಗಳೇ, ತೇವ ಇಲ್ಲದಿದ್ದರೆ ಅವು ಸುಮ್ನೆ ಕೂರುತ್ತವೆ, ಕ್ಷಾರ ಮಣ್ಣಲ್ಲಂತೂ ಅದು ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಗಂಟಿಲ್ಲ ಅಂದ ಮಾತ್ರಕ್ಕೆ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿ ಗಿಡಕ್ಕೆ ಗಾಳಿಯ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಸತ್ತಿದೆ ಅಂತಲ್ಲ. ಅಟ್ರಾಜಿನ್‌ನಿಂದಾಗಿ ಎಲೆ ಆಹಾರ ತಯಾರಿಸದಿದ್ದರೆ ಬೇರಿಗೆ ಸಕ್ಕರೆ ಇಳಿಯುವುದಿಲ್ಲ, ಗಂಟು ಕಟ್ಟುವುದಿಲ್ಲ.

ಮೊದಲು ನಾಲ್ಕೈದು ಗಿಡ ಸಲಿಕೆಯಿಂದ ಮಣ್ಣು ಸಮೇತ ಎಬ್ಬಿಸಿ. ಕೈಯಿಂದ ಕಿತ್ತರೆ ಗಂಟು ಮಣ್ಣಲ್ಲೇ ಉಳಿದುಬಿಡುತ್ತವೆ. ಸಿಕ್ಕ ಗಂಟನ್ನು ಉಗುರಿನಿಂದ ಸೀಳಿ: ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ಮಾಡುತ್ತಿದೆ.

ಆಮೇಲೆ ಎಲೆ ನೋಡಿ. ಕೆಳಗಿನ ಹಳೇ ಎಲೆಗಳ ಅಂಚು ಹಳದಿಯಾಗಿ ಸುಟ್ಟಂತಿದ್ದರೆ ಅಟ್ರಾಜಿನ್ ಮೇಲೆ ಅನುಮಾನ ಪಡಿ. ತುದಿ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ ಇರಬಹುದು. ಫೋಟೋ ಇಲ್ಲದೆ ಇದನ್ನು ನಾನು ಖಚಿತವಾಗಿ ಹೇಳಲಾರೆ.

ಅನುಮಾನ ಉಳಿದರೆ ಆ ಹೊಲದ ಮಣ್ಣು ಒಂದು ಕುಂಡಕ್ಕೆ, ಕಳೆನಾಶಕ ಬೀಳದ ಜಾಗದ ಮಣ್ಣು ಇನ್ನೊಂದಕ್ಕೆ ಹಾಕಿ, ಎರಡರಲ್ಲೂ ಸೌತೆ ಬೀಜ ಬಿತ್ತಿ, ಮೂರು ವಾರ ಬಿಸಿಲಲ್ಲಿಡಿ. ಮೊದಲನೆಯದು ಮಾತ್ರ ಸುಟ್ಟರೆ ಉತ್ತರ ಸಿಕ್ಕಿತು.

ಆಗ ನೀರಿದ್ದರೆ ಹಗುರವಾಗಿ ಕೊಡಿ, ಅಟ್ರಾಜಿನ್ ಕರಗಿಸುವ ಸೂಕ್ಷ್ಮಜೀವಿಗಳು ಮತ್ತೆ ಚುರುಕಾಗುತ್ತವೆ. ಮುಂದಿನ ಸಲ ಅಟ್ರಾಜಿನ್ ಬಿದ್ದ ಹೊಲಕ್ಕೆ ಹಿಂಗಾರಿನಲ್ಲಿ ಬಿಳಿಜೋಳ ಹಾಕಿ, ಅದು ತಡೆದುಕೊಳ್ಳುತ್ತದೆ.